ಅಮೆರಿಕದಲ್ಲಿ 6 ಪರ್ಸೆಂಟ್, ತುಮಕೂರಿನಲ್ಲಿ 2: ಬ್ರೋಕರ್ ಕಮಿಷನ್ ಇಲ್ಲಿ ಅಗ್ಗವೇ?

ಟೆಕ್ಸಾಸ್‌ನಲ್ಲಿ ನಿಮ್ಮ ತಮ್ಮ ಮನೆ ಮಾರಿದಾಗ ಸುಮಾರು 6 ಪರ್ಸೆಂಟ್ ಕಮಿಷನ್ ಹೋಯಿತು, ಇಲ್ಲಿ ಶೆಟ್ಟಿಹಳ್ಳಿಯ ಹಳೇ ಮನೆಗೆ ಬ್ರೋಕರ್ ಕೇಳುತ್ತಿರುವುದು 2 ಪರ್ಸೆಂಟ್, ನಮ್ಮಲ್ಲೇ ಅಗ್ಗ ಅಲ್ವಾ ಅಂತ ಕೇಳಿದ್ದೀರಿ. ನಾನೂ ತುಮಕೂರಿನವನೇ. ಎರಡೂ ಕಡೆಯದು ಸ್ವಲ್ಪ ನೋಡಿದ್ದೇನೆ.

ಮೊದಲು ಲೆಕ್ಕ. ಅಲ್ಲಿ ಮಾರುವವರು ಕೊಡುವ 6 ಪರ್ಸೆಂಟ್ ಸಾಮಾನ್ಯವಾಗಿ ಇಬ್ಬರು ಏಜೆಂಟರಿಗೆ ಹಂಚಿ ಹೋಗುತ್ತಿತ್ತು. ಇಲ್ಲಿ ನಿಮ್ಮ ಬ್ರೋಕರ್ ಕೊಳ್ಳುವ ಪಾರ್ಟಿಯಿಂದಲೂ 2 ತೆಗೆದುಕೊಳ್ಳುತ್ತಾರೆ. 40 ಲಕ್ಷದ ಮನೆಗೆ ನಿಮ್ಮಿಂದ 80 ಸಾವಿರ, ಅವರಿಂದ 80 ಸಾವಿರ. ಒಟ್ಟು 4 ಪರ್ಸೆಂಟ್ ಆಯಿತಲ್ಲ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಬ್ರೋಕರ್ ಯಾರ ಕಡೆಯವರು? 2024ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯಲ್ಲಿ ನನ್ನ ಮಗಳು ಮನೆ ನೋಡಲು ಹೊರಟಾಗ ನಾನೂ ಜೊತೆಗಿದ್ದೆ. ಒಂದು ಮನೆಯ ಬಾಗಿಲು ತೆಗೆಯುವ ಮುಂಚೆಯೇ ಏಜೆಂಟ್ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ತಾನು ಕೊಳ್ಳುವವರ ಪರ, ತನ್ನ ಫೀಸ್ ಇಷ್ಟು, ಇಷ್ಟು ದಿನದವರೆಗೆ, ಎಲ್ಲ ಅದರಲ್ಲಿತ್ತು. ಅಲ್ಲಿ ಮೊದಲಿಂದ ಹೀಗೆ ಇರಲಿಲ್ಲ. ಕೊಳ್ಳುವವರ ಏಜೆಂಟಿನ ಕಮಿಷನ್ನೂ ನಮ್ಮ ತಲೆಗೇ ಕಟ್ಟುತ್ತಾರೆ ಅಂತ ಮನೆ ಮಾರಿದವರು ಹಾಕಿದ್ದ ಕೇಸನ್ನು 2023ರಲ್ಲಿ ಮಿಸ್ಸೌರಿಯ ಕೋರ್ಟಿನಲ್ಲಿ ಗೆದ್ದರು. ಏಜೆಂಟರ ಸಂಘ 41.8 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 2024ರ ಆಗಸ್ಟ್‌ನಿಂದ ಈ ಸಹಿ ದೇಶಕ್ಕೆಲ್ಲ ಬಂತು.

ಇಂಗ್ಲೆಂಡಿನಲ್ಲಿ ಏಜೆಂಟ್ ಮಾರುವವರ ಪರ, ಕೊಳ್ಳುವವರ ಕಾಗದಪತ್ರ ನೋಡಲು ಬೇರೆ ವಕೀಲರು. ಜಪಾನಿನಲ್ಲಿ ನಮ್ಮ ಹಾಗೆ ಎರಡೂ ಕಡೆಯಿಂದ ತೆಗೆದುಕೊಳ್ಳಬಹುದು. ಆದರೆ ಸರ್ಕಾರವೇ ಮಿತಿ ಹಾಕಿದೆ: 40 ಲಕ್ಷ ಯೆನ್ ದಾಟಿದ ಮನೆಗೆ ಸಾಮಾನ್ಯವಾಗಿ ಒಂದು ಕಡೆಯಿಂದ 3 ಪರ್ಸೆಂಟ್, ಮೇಲೆ 60 ಸಾವಿರ ಯೆನ್ ಮತ್ತು ತೆರಿಗೆ.

ನಮ್ಮಲ್ಲಿ ಎಲ್ಲ ಬಾಯಿಮಾತು. ರಿಯಲ್ ಎಸ್ಟೇಟ್ ನಿಯಂತ್ರಣದ ಕಾನೂನು ರೇರಾ ಇದೆಯಲ್ಲ ಅನ್ನಬಹುದು. 2016ರ ಆ ಕಾನೂನು ಏಜೆಂಟರು ನೋಂದಣಿ ಮಾಡಿಸಬೇಕು ಅನ್ನುವುದು ರೇರಾದಲ್ಲಿ ನೋಂದಾದ ಲೇಔಟ್, ಅಪಾರ್ಟ್‌ಮೆಂಟ್‌ಗಳ ವ್ಯವಹಾರಕ್ಕೆ. ನಿಮ್ಮ ಹಳೇ ಮನೆಗೆ ಅದು ಅನ್ವಯಿಸುವುದಿಲ್ಲ. ಕಮಿಷನ್ ಎಷ್ಟು ಅಂತಲೂ ಅದು ಹೇಳುವುದಿಲ್ಲ.

ನಾನು ಪೆಟ್ಟು ತಿಂದಿದ್ದು ಇಲ್ಲೇ. ಮರಳೂರು ಕಡೆ 30x40 ಅಡಿಯ ಒಂದು ಸೈಟ್ ತೆಗೆದುಕೊಂಡೆ. ಬ್ರೋಕರ್ ಹೇಳಿದ ಬೆಲೆ 14 ಲಕ್ಷ. ‘ಓನರ್ ಬೆಂಗಳೂರಲ್ಲಿದ್ದಾರೆ, ನಾನೇ ಮಾತಾಡ್ತೀನಿ’ ಅಂದರು. ಒಂದೂವರೆ ಲಕ್ಷ ಅಡ್ವಾನ್ಸ್ ಅವರ ಕೈಗೇ ಕೊಟ್ಟೆ. ರಿಜಿಸ್ಟ್ರೇಷನ್ ಮುಗಿಸಿ ಕಾಫಿ ಕುಡಿಯುವಾಗ ಓನರ್ ಬಾಯಿಂದ ಬಂತು, ಬ್ರೋಕರ್ ಅವರಿಗೆ ಹೇಳಿದ್ದ ಬೆಲೆ ಹನ್ನೆರಡೂವರೆ ಲಕ್ಷ ಅಂತೆ. ನಾನು ಕೊಟ್ಟ ಅಡ್ವಾನ್ಸ್ ಅವರಿಗೆ ಗೊತ್ತೇ ಇರಲಿಲ್ಲ. ಅದು ನನ್ನ ಹೆಂಡತಿಯ ಚೀಟಿ ದುಡ್ಡು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಾಗಂತ ಬ್ರೋಕರೇ ಬೇಡ ಅನ್ನುವುದಿಲ್ಲ. ಇಸಿ (ಆಸ್ತಿ ಮೇಲೆ ಸಾಲ, ಋಣ ಇದೆಯೇ ಅಂತ ತೋರಿಸುವ ಪತ್ರ) ತೆಗೆಸುವುದು, ಇ-ಖಾತೆಗೆ ಓಡಾಡುವುದು, ಕಂದಾಯ ಬಾಕಿ ನೋಡುವುದು, ಸಬ್ ರಿಜಿಸ್ಟ್ರಾರ್ ಕಚೇರಿಗೆ ಸಾಕ್ಷಿ ಕರೆತರುವುದು, ಇದನ್ನೆಲ್ಲ ನಮ್ಮೂರಿನ ಒಳ್ಳೆಯ ಬ್ರೋಕರ್ ತಾವೇ ಮಾಡುತ್ತಾರೆ. ವಯಸ್ಸಾದವರಿಗೆ, ಊರಲ್ಲಿ ಇಲ್ಲದವರಿಗೆ ಅದು ದೊಡ್ಡ ಉಪಕಾರ. ಅದಕ್ಕೆ ದುಡ್ಡು ಕೊಡಲೇಬೇಕು.

ನೀವು ಒಂದು ಬಿಳಿ ಹಾಳೆಯಲ್ಲಾದರೂ ಬರೆಸಿಕೊಳ್ಳಿ. ಕಮಿಷನ್ ಎಷ್ಟು, ಅದರಲ್ಲಿ ಯಾವ ಯಾವ ಕೆಲಸ ಸೇರಿದೆ, ದುಡ್ಡು ರಿಜಿಸ್ಟ್ರೇಷನ್ ದಿನವೇ ಹೊರತು ಮುಂಚೆ ಇಲ್ಲ ಅಂತ. ಅಡ್ವಾನ್ಸ್ ನೇರ ನಿಮ್ಮ ಖಾತೆಗೆ ಬರಲಿ. 2 ಅನ್ನುವುದು ರೂಢಿಯ ರೇಟು ಅಷ್ಟೇ, 1ಕ್ಕೂ ಒಪ್ಪುವವರಿದ್ದಾರೆ, ಸುಮ್ನೆ ಕೇಳಿ ನೋಡಿ. ಆಮೇಲೆ ‘ಕೊಳ್ಳುವವರನ್ನು ಮನೆಗೇ ಕರೆದುಕೊಂಡು ಬನ್ನಿ, ಎದುರುಬದುರು ಕೂತು ಬೆಲೆ ಮಾತಾಡೋಣ’ ಅನ್ನಿ. ಅದಕ್ಕೆ ಹಿಂದೆಮುಂದೆ ನೋಡದೆ ಒಪ್ಪುವ ಬ್ರೋಕರ್ ಆದರೆ 2 ಪರ್ಸೆಂಟೇ ಕೊಡಿ, ನನಗೇನೂ ಜಾಸ್ತಿ ಅನ್ನಿಸುವುದಿಲ್ಲ.