ಸರ್ಪಸುತ್ತಿಗೆ ಮೊದಲು ಕೆಮ್ಮಣ್ಣು ಹಚ್ಚಿಸಿ, ವಾಸಿಯಾಗದಿದ್ದರೆ ಆಸ್ಪತ್ರೆಗೆ ಹೋಗಬಹುದೇ?

ನಿಮ್ಮ ತಾಯಿಯವರ ಬೆನ್ನಿನಲ್ಲಿ ಗುಳ್ಳೆಗಳೆದ್ದಿವೆ, ಒಂದು ವಾರ ಕಾದು ನೋಡಬಹುದೇ ಎಂದು ಕೇಳಿದ್ದೀರಿ. ಜಗಳೂರು ಕಡೆಯ ನಮ್ಮ ಮನೆಯಲ್ಲಿ ತಂದೆಯವರಿಗೆ ಹೀಗೆಯೇ ಆಗಿತ್ತು. ಮೊದಲು ಕಾಣಿಸಿದ್ದು ಬಲ ಪಕ್ಕೆಯಲ್ಲಿ ಉರಿ ಮಾತ್ರ. ಮೆಕ್ಕೆಜೋಳದ ಚೀಲ ಎತ್ತಿ ಉಳುಕಿರಬೇಕೆಂದು ಎಣ್ಣೆ ತಿಕ್ಕಿದೆವು. ಬಳಿಕ ಬೆನ್ನಿನಿಂದ ಎದೆಯವರೆಗೆ ಗುಳ್ಳೆಗಳು ಪಟ್ಟಿಯಂತೆ ಎದ್ದವು. ಪಟ್ಟಿಯ ಎರಡು ತುದಿಗಳು, ಅಂದರೆ ಸರ್ಪದ ಹೆಡೆಯೂ ಬಾಲವೂ, ಕೂಡಿದರೆ ಜೀವ ಉಳಿಯದೆಂದು ಹಿರಿಯರು ಹೆದರಿಸಿದ್ದರಿಂದ ಕೆಮ್ಮಣ್ಣು ಹಚ್ಚುವವರನ್ನು ಕರೆಸಿದೆವು.

ಗುಳ್ಳೆಗಳು ಎದೆಯ ನಡುವೆ ನಿಂತವು, ಕೆಮ್ಮಣ್ಣು ಫಲಿಸಿತೆಂದು ಎಲ್ಲರೂ ನಂಬಿದೆವು. ನಮ್ಮನ್ನು ಕೆಡಿಸಿದ್ದು ಈ ನಂಬಿಕೆಯೇ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ತಂದ ವೈರಸ್ಸು ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅಡಗಿದ್ದು, ವಯಸ್ಸಾಗಿ ರೋಗನಿರೋಧಕ ಶಕ್ತಿ ಕುಗ್ಗಿದಾಗ ಮತ್ತೆ ಎಚ್ಚೆತ್ತು, ಒಂದೇ ನರದ ಜಾಡಿನಲ್ಲಿ ಚರ್ಮಕ್ಕೆ ಬರುತ್ತದೆ. ಬಲಬದಿಯ ನರ ಬಲಬದಿಗೆ ಮಾತ್ರ ಸೇರಿದ್ದು. ಆದ್ದರಿಂದ ಏನನ್ನು ಹಚ್ಚಿದರೂ, ಹಚ್ಚದಿದ್ದರೂ ಗುಳ್ಳೆಗಳು ಸಾಮಾನ್ಯವಾಗಿ ಮೈಯ ನಡುಗೆರೆಯನ್ನು ದಾಟುವುದಿಲ್ಲ. ತಾನಾಗಿಯೇ ನಿಲ್ಲುವುದನ್ನು ಮಣ್ಣು ನಿಲ್ಲಿಸಿತೆಂದು ತಿಳಿದು ನಾವು ಕಾಯುತ್ತ ಕುಳಿತೆವು. ವೈರಸ್ಸನ್ನು ತಡೆಯುವ ಅಸೈಕ್ಲೋವಿರ್ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಪ್ರಯೋಜನ. ದಾವಣಗೆರೆಯ ಚರ್ಮವೈದ್ಯರ ಮುಂದೆ ತಂದೆಯವರನ್ನು ಕೂರಿಸುವ ವೇಳೆಗೆ ಆ ಅವಧಿ ಮುಗಿದಿತ್ತು. ಒಡೆದ ಗುಳ್ಳೆಗಳು ಮಣ್ಣಿನಡಿ ಕೀವಾಗಿದ್ದವು. ಗಾಯ ಮಾಯಿತು, ನರದ ಉರಿ ಮಾಯಲಿಲ್ಲ. ಅಂಗಿಯ ಬಟ್ಟೆ ತಾಗಿದರೂ ಅವರು ನರಳುತ್ತಿದ್ದರು, ಉರಿ ತಗ್ಗಿಸಲು ಬೇರೆ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಬೇಕಾಯಿತು.

ಆದ್ದರಿಂದ ‘ಮೊದಲು ಅದು, ಆಮೇಲೆ ಇದು’ ಎಂಬ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಹಿರಿಯರ ಸಮಾಧಾನಕ್ಕೆ ನಾಗಪ್ಪನಿಗೆ ಹಾಲೆರೆಯಿರಿ, ಆದರೆ ಒಡೆದ ಗುಳ್ಳೆಯ ಮೇಲೆ ಮಣ್ಣು ಬೇಡ, ನಾಳೆಯವರೆಗೆ ಕಾಯುವುದೂ ಬೇಡ. ಸಾಮಾನ್ಯವಾಗಿ ಕೊಡುವುದು ಅಸೈಕ್ಲೋವಿರ್ 800 ಮಿಲಿಗ್ರಾಂ ಮಾತ್ರೆ, ದಿನಕ್ಕೆ 5 ಬಾರಿ, 7 ದಿನ; ಮೂತ್ರಪಿಂಡದ ತೊಂದರೆಯಿದ್ದರೆ ಪ್ರಮಾಣ ಬದಲಾಗುವುದರಿಂದ ಅಂಗಡಿಯಲ್ಲಿ ಕೇಳಿ ತಂದು ನುಂಗಿಸಬೇಡಿ. ಗುಳ್ಳೆಗಳು ಒಣಗಿ ಹಕ್ಕಳೆಗಟ್ಟುವವರೆಗೆ ಸೀತಾಳೆ ಸಿಡುಬು ಆಗಿರದ ಗರ್ಭಿಣಿಯರನ್ನೂ ಹಸುಗೂಸುಗಳನ್ನೂ ತಾಯಿಯವರಿಂದ ದೂರವಿಡಿ. ಹಣೆಯಲ್ಲಿ ಅಥವಾ ಮೂಗಿನ ತುದಿಯಲ್ಲಿ ಒಂದೇ ಒಂದು ಗುಳ್ಳೆ ಕಂಡರೂ ಅದೇ ದಿನ ಕಣ್ಣಿನ ವೈದ್ಯರಿಗೂ ತೋರಿಸಿ, ದೃಷ್ಟಿಗೇ ಕುತ್ತು ಬರಬಹುದು.