ಸೇರಿದ ತಾರೀಖು ಒಂದೇ ಸಾಕಾಗಲ್ಲ

ಎರಡು ಏರ್‌ಲೈನ್ ಒಂದಾದಾಗ ಎರಡೂ ಕಡೆಯ ಪೈಲಟ್‌ಗಳನ್ನು ಒಂದೇ ಹಿರಿತನದ ಪಟ್ಟಿಯಲ್ಲಿ (ಸೀನಿಯಾರಿಟಿ ಲಿಸ್ಟ್) ಕೆಲಸಕ್ಕೆ ಸೇರಿದ ತಾರೀಖಿನ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಮುಗೀತಲ್ವಾ ಅಂತ ಕೇಳಿದ್ದೀರಿ. ಅಷ್ಟು ಸುಲಭ ಇಲ್ಲ. ಅಮೆರಿಕದಲ್ಲಿ 2005ರಲ್ಲಿ ಯುಎಸ್ ಏರ್‌ವೇಸ್ ಮತ್ತು ಅಮೆರಿಕಾ ವೆಸ್ಟ್ ಒಂದಾದಾಗ ಇದಕ್ಕೇ ವರ್ಷಗಟ್ಟಲೆ ಕಿತ್ತಾಟ ನಡೆಯಿತು. ಯುಎಸ್ ಏರ್‌ವೇಸ್ ಪೈಲಟ್‌ಗಳು ಹಳಬರು. ಆದರೆ ಕಂಪನಿ ದಿವಾಳಿಯಾಗಿತ್ತು, 15 ವರ್ಷ ದಾಟಿದವರೂ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದರು. ಅಮೆರಿಕಾ ವೆಸ್ಟ್ ಶುರುವಾಗಿದ್ದೇ 1983ರಲ್ಲಿ. ಬರೀ ತಾರೀಖು ನೋಡಿದರೆ, ವಿಮಾನ ಹಾರಿಸುತ್ತಿದ್ದವನು ಮನೆಯಲ್ಲಿದ್ದವನ ಹಿಂದೆ ಬೀಳುತ್ತಾನೆ. ಅದು ನ್ಯಾಯವೇ?

2007ರಲ್ಲಿ ಮಧ್ಯಸ್ಥಗಾರ ಜಾರ್ಜ್ ನಿಕೊಲಾವ್, ಯುಎಸ್ ಏರ್‌ವೇಸ್‌ನಲ್ಲಿ ದೊಡ್ಡ ವಿಮಾನ ಹಾರಿಸುತ್ತಿದ್ದ ಹಳಬರನ್ನು ಪಟ್ಟಿಯ ಮೇಲ್ತುದಿಯಲ್ಲಿಟ್ಟು, ಕೆಲಸ ಕಳೆದುಕೊಂಡಿದ್ದವರನ್ನು ಕೊನೆಗೆ ಹಾಕಿದರು. ಯುಎಸ್ ಏರ್‌ವೇಸ್ ಪೈಲಟ್‌ಗಳು ಕೆರಳಿ 2008ರಲ್ಲಿ ಯೂನಿಯನ್ನನ್ನೇ ಬದಲಾಯಿಸಿದರು! ಮುಂದೆ ಕೋರ್ಟು, ಕಚೇರಿ.

ಯಾಕಿಷ್ಟು ಹಠ ಅಂದ್ರೆ, ಯಾವ ವಿಮಾನ, ಯಾವ ಊರು, ಕ್ಯಾಪ್ಟನ್ ಆಗೋದು ಯಾವಾಗ, ಕ್ರಿಸ್‌ಮಸ್‌ಗೆ ರಜೆ ಯಾರಿಗೆ, ಎಲ್ಲಾ ಆ ಪಟ್ಟಿಯಲ್ಲಿರುವ ಒಂದು ನಂಬರ್ ಮೇಲೆ ನಿಂತಿರುತ್ತದೆ. ಬೇರೆ ಏರ್‌ಲೈನ್‌ಗೆ ಹೋದರೆ ಮತ್ತೆ ಕೆಳಗಿನಿಂದ ಶುರು. ನನಗಂತೂ ನಿಕೊಲಾವ್ ಲೆಕ್ಕವೇ ಸರಿ ಅನ್ನಿಸುತ್ತದೆ. ಆದರೆ 15 ವರ್ಷ ದುಡಿದು ಹೊಸಬನ ಕೆಳಗೆ ಬಿದ್ದವನ ಮುಂದೆ ಹಾಗಂತ ಹೇಳೋಕೆ ಧೈರ್ಯ ಬರಲ್ಲ.