ಜೇಬಿನ ಟಾರ್ಚಿಗೆ ಯಾವ ಎಲ್‌ಇಡಿ, ಎಂಥ ಬೀಮ್ ಒಳ್ಳೆಯದು?

ಇರುವುದು ಹಾಸನದಲ್ಲಿ, ವಾರಕ್ಕೊಮ್ಮೆ ಸಕಲೇಶಪುರದ ಕಡೆ ತೋಟಕ್ಕೆ ಹೋಗಬೇಕು, ಜೇಬಿಗೆ ಹಿಡಿಯುವ ಟಾರ್ಚ್ ದೂರ ಹೊಡೆಯುವಂಥದ್ದಿರಲಾ, ಹರಡುವಂಥದ್ದಿರಲಾ ಅಂತ ಕೇಳಿದ್ದೀರಿ. ಹರಡುವುದೇ ತಗೊಳ್ಳಿ. ನಾನು ಮೂಡಿಗೆರೆ ಕಡೆಯವನು, ಉಲ್ಟಾ ಮಾಡಿ ದುಡ್ಡು ಕಳೆದುಕೊಂಡಿದ್ದೇನೆ.

ಮೊದಲು ತಂದದ್ದು ತಲೆ ಎಳೆದರೆ ಜೂಮ್ ಆಗುವ ಟಾರ್ಚು. ಅಂಗಡಿ ಮುಂದೆ ನಿಂತು ತೆಂಗಿನಮರದ ತುದಿಗೆ ಬಿಟ್ಟಾಗ ಭಾರೀ ಖುಷಿ. ತೋಟದಲ್ಲಿ ನಡೆದಾಗ ನೋಡಿದರೆ ಮುಂದೆ ಚೌಕದ ಒಂದು ಬಿಳಿ ತುಂಡು, ಅದು ಎಲ್‌ಇಡಿ ಚಿಪ್ಪಿನದೇ ಬಿಂಬ, ಸುತ್ತ ಕಗ್ಗತ್ತಲು, ಕಾಲಬುಡ ಕಾಣುವುದೇ ಇಲ್ಲ. ಜಾರುವ ತಲೆಯ ಸಂದಿಯಲ್ಲಿ ನೀರು ಹೋಗಿ ಒಂದೇ ಮಳೆಗಾಲಕ್ಕೆ ಕೆಟ್ಟೂ ಹೋಯಿತು.

ಡಬ್ಬಿ ಮೇಲಿನ ಲ್ಯೂಮೆನ್ ಒಟ್ಟು ಬೆಳಕಿನ ಲೆಕ್ಕ ಅಷ್ಟೇ. ದೂರಕ್ಕೆ ನೋಡಬೇಕಾದ್ದು ಕ್ಯಾಂಡೆಲಾ, ಅಂದರೆ ಒಂದೇ ದಿಕ್ಕಿಗೆ ಬೆಳಕು ಎಷ್ಟು ಜೋರಾಗಿ ಹೋಗುತ್ತದೆ ಅನ್ನುವ ಲೆಕ್ಕ. 2,500 ಇದ್ದರೆ 100 ಮೀಟರ್ ಅಂತ ಬರೆದಿರುತ್ತಾರೆ, ಆದರೆ ಅಷ್ಟು ದೂರದಲ್ಲಿ ಬೀಳುವುದು ಬೆಳದಿಂಗಳಷ್ಟು ಬೆಳಕು. ಜೇಬಿನ ಟಾರ್ಚಿಗೆ ಇಷ್ಟು ಸಾಕು. ಆನೆ ಓಡಾಡುವ ಕಡೆ ರಾತ್ರಿ ಹೋಗಲೇಬೇಕು ಅಂದರೆ ದೊಡ್ಡದೊಂದು ಬೇರೆ ಇಟ್ಟುಕೊಳ್ಳಿ. ಟಿಐಆರ್ ಲೆನ್ಸ್ (ಎಲ್‌ಇಡಿ ಮೇಲೆ ಕೂರುವ ಗಟ್ಟಿ ಪ್ಲಾಸ್ಟಿಕ್ ಲೆನ್ಸ್) ಇರುವುದು, ಇಲ್ಲವೇ ಕಿತ್ತಳೆ ಸಿಪ್ಪೆಯಂತೆ ತರಿತರಿ ಇರುವ ರಿಫ್ಲೆಕ್ಟರ್ ಇರುವುದು ನೋಡಿ, ನಡುವೆ ಬೆಳಕು ಚುಚ್ಚುವುದಿಲ್ಲ.

ನನ್ನ ಕೇಳಿದರೆ ಬೀಮ್‌ಗಿಂತ ಬಣ್ಣವೇ ಮುಖ್ಯ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ, ಅಂಕಿ ಹೆಚ್ಚಾದಷ್ಟೂ ನೀಲಿ; ವಸ್ತುಗಳ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವುದಕ್ಕೆ ಸಿಆರ್‌ಐ, ಪೂರ್ತಿ ಅಂದರೆ 100. ಅಗ್ಗದವೆಲ್ಲ 6500 ಕೆಲ್ವಿನ್ ಆಸುಪಾಸಿನ ನೀಲಿ ಬಿಳುಪು, ಸಿಆರ್‌ಐ 70ರ ಹತ್ತಿರ. ಆ ಬೆಳಕಲ್ಲಿ ಕೆಂಪು ಕಳೆಗುಂದುತ್ತದೆ, ಹಣ್ಣಾದ ಕಾಫಿಯೇ ಮಂಕಾಗಿ ಕಾಣುತ್ತದೆ. ಸಿಲ್ವರ್ ಓಕ್ ತರಗೆಲೆ ಮೇಲೆ ಕೊಳಕುಮಂಡಲ ಸುತ್ತಿಕೊಂಡಿದ್ದರೆ ಎಲೆ ಯಾವುದು ಹಾವು ಯಾವುದು ಅಂತ ಗೊತ್ತಾಗಬೇಕು ಅಲ್ವಾ? 4000ದಿಂದ 5000 ಕೆಲ್ವಿನ್, ಸಿಆರ್‌ಐ 90ರ ಮೇಲೆ ಇರುವುದನ್ನೇ ಹುಡುಕಿ. ನಿಚಿಯಾ ಕಂಪನಿಯ 519ಎ ಅನ್ನುವ ಎಲ್‌ಇಡಿ ಇರುವುದು ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. ಸ್ಯಾಮ್‌ಸಂಗ್ ಎಲ್‌ಎಚ್351ಡಿ ಕೂಡ ಚೆನ್ನಾಗಿದೆ, ಆದರೆ ಅದರಲ್ಲಿ 70ರದ್ದೂ ಬರುತ್ತದೆ, ಕೇಳಿ ತಗೊಳ್ಳಿ. ಲ್ಯೂಮೆನ್ ಸ್ವಲ್ಪ ಕಮ್ಮಿಯಾಗುತ್ತದೆ, ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ.

ಮಂಜಿಗೆ ಹಳದಿ ಬೆಳಕು ತೂರುತ್ತದೆ ಅನ್ನುವುದನ್ನು ಜಾಸ್ತಿ ನಂಬಬೇಡಿ. ಟಾರ್ಚನ್ನು ಕಣ್ಣಿನ ಹತ್ತಿರ ಹಿಡಿಯದೆ ಸೊಂಟದ ಕೆಳಗೆ ಹಿಡಿಯಿರಿ, ಮುಖಕ್ಕೆ ರಾಚುವ ಬಿಳುಪು ಎಷ್ಟೋ ಇಳಿಯುತ್ತದೆ.

ಚಾರ್ಜ್ ಮಾಡುವ ದಪ್ಪನೆಯ 18650 ಸೆಲ್ ಜೇಬಿಗೆ ಭಾರ ಅನಿಸಿದರೆ, ಎಎ ಸೆಲ್ಲಿನ ಅಳತೆಯ 14500ರದ್ದು ನೋಡಿ. ಮಾಮೂಲಿ ಎಎ ಸೆಲ್ಲೂ ಆಗುತ್ತದೆ ಅಂತ ಬರೆದಿದ್ದರೆ ಇನ್ನೂ ಒಳ್ಳೆಯದು, ಕರೆಂಟ್ ಮೂರು ದಿನ ಬಾರದಿದ್ದರೂ ಪೆಟ್ಟಿಗೆ ಅಂಗಡಿಯಲ್ಲಿ ಸೆಲ್ ಸಿಗುತ್ತದೆ.